ಊರಿಗೆ ಹೋದರೆ ಮೊಬೈಲ್ ಬ್ಯಾಟರಿ ಯಾಕೆ ಬೇಗ ಖಾಲಿ ಆಗುತ್ತದೆ?

ಬೆಂಗಳೂರಿನಲ್ಲಿ ರಾತ್ರಿವರೆಗೂ ಬರುವ ಚಾರ್ಜು, ಅದೇ ಫೋನು, ಊರಿಗೆ ಹೋದಾಗ ಮುಟ್ಟದೇ ಇಟ್ಟರೂ ಮಧ್ಯಾಹ್ನಕ್ಕೇ ಮುಗಿಯುತ್ತದೆ, ಬ್ಯಾಟರಿ ಬದಲಾಯಿಸಬೇಕಾ ಅಂತ ಕೇಳಿದ್ದೀರಿ. ಬೇಡ, ದುಡ್ಡು ಉಳಿಸಿಕೊಳ್ಳಿ. ಬೆಂಗಳೂರಿನಲ್ಲಿ ಸರಿಯಾಗಿ ಬರುತ್ತಿದೆ ಅಂದಮೇಲೆ ಬ್ಯಾಟರಿ ಚೆನ್ನಾಗೇ ಇದೆ. ಊರಲ್ಲಿ ಟವರ್ ದೂರ ಇದೆ, ಅಷ್ಟೇ.

ನಮ್ಮದು ಹೊಸನಗರದ ಕಡೆ. ಮುಂದೆ ಅಡಿಕೆ ತೋಟ, ಹಿಂದೆ ಗುಡ್ಡ. ಇಡೀ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಮೂಲೆಯ ಕಿಟಕಿಯಲ್ಲಿ ಮಾತ್ರ, ಅಲ್ಲಿ ಅಮ್ಮ ಒಂದು ಮೊಳೆಗೆ ಬಟ್ಟೆ ಚೀಲ ನೇತುಹಾಕಿದ್ದಾರೆ, ಬಂದವರೆಲ್ಲ ಫೋನು ಅದರಲ್ಲಿ ಹಾಕಿಯೇ ಊಟಕ್ಕೆ ಕೂರುವುದು. ಹೋದ ಸಲ ನಾನು ಫೋನನ್ನು ಒಳಕೋಣೆಯಲ್ಲಿ ಇಟ್ಟುಕೊಂಡು ಮಲಗಿದೆ. ರಾತ್ರಿ 80 ಇದ್ದದ್ದು ಬೆಳಿಗ್ಗೆ 49. ಮಾರನೇ ರಾತ್ರಿ ಅದೇ ಜಾಗ, ಆದರೆ ಏರೋಪ್ಲೇನ್ ಮೋಡ್. 80 ಇದ್ದದ್ದು 78. ಎರಡು ರಾತ್ರಿಯೂ ಫೋನು ಮುಟ್ಟಿರಲಿಲ್ಲ.

ಆ ಮೂವತ್ತು ಎಲ್ಲಿ ಹೋಯಿತು? ನಮಗೆ ಟವರ್ ಕೇಳಿಸಿದರೆ ಸಾಲದು, ನಮ್ಮ ಫೋನೂ ಟವರ್‌ಗೆ ಕೇಳಿಸಬೇಕು. ಅಡಿಗೆಮನೆಯಿಂದ ಜಗಲಿಗೆ ಮಾತಾಡುವುದಕ್ಕೂ ತೋಟದ ಆಚೆ ಇರುವವರಿಗೆ ಕೂ ಹಾಕುವುದಕ್ಕೂ ವ್ಯತ್ಯಾಸ ಇಲ್ವಾ, ಹಾಗೇ. ಎಷ್ಟು ಜೋರಾಗಿ ಮಾತಾಡಬೇಕು ಅಂತ ಟವರೇ ಫೋನಿಗೆ ಹೇಳುತ್ತಿರುತ್ತದೆ. ಟವರ್ ಪಕ್ಕದಲ್ಲೇ ಇದ್ದರೆ 4ಜಿ ಫೋನು ಒಂದು ಮಿಲಿವ್ಯಾಟ್‌ಗಿಂತ ಕಡಿಮೆಯಲ್ಲೇ ಕೆಲಸ ಮುಗಿಸಬಹುದು, ದೂರ ಇದ್ದರೆ ಸುಮಾರು 200 ಮಿಲಿವ್ಯಾಟ್‌ವರೆಗೂ ಏರಿಸುತ್ತದೆ. ಆಂಟೆನಾದಿಂದ ಅಷ್ಟು ಹೊರಗೆ ಹೋಗಬೇಕಾದರೆ ಬ್ಯಾಟರಿಯಿಂದ ಅದಕ್ಕಿಂತ ಎಷ್ಟೋ ಜಾಸ್ತಿ ಎಳೆಯಬೇಕು, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಊರಲ್ಲಿ ಫೋನು ಜೇಬಲ್ಲಿ ಸುಮ್ನೆ ಇದ್ದರೂ ಬೆಚ್ಚಗಾಗುವುದು ಅದಕ್ಕೇ. (ಟವರ್ ಹತ್ತಿರ ಇದ್ದರೆ ನಮ್ಮ ಫೋನಿನಿಂದ ರೇಡಿಯೇಶನ್ ಜಾಸ್ತಿ ಅಂತ ಹೆದರುವವರಿದ್ದಾರೆ. ಫೋನಿನ ಲೆಕ್ಕ ನೋಡಿದರೆ ಉಲ್ಟಾ.)

ಮುಟ್ಟದೇ ಇದ್ದರೂ ಯಾರ ಹತ್ತಿರ ಮಾತು ಅಂತೀರಾ? ವಾಟ್ಸಾಪ್, ಮೇಲ್, ಆ್ಯಪ್ ಅಪ್‌ಡೇಟ್ ಎಲ್ಲ ಹಿಂದೆ ನಡೀತಾನೇ ಇರುತ್ತವೆ. ಸಿಗ್ನಲ್ ಚೆನ್ನಾಗಿದ್ದರೆ ಕ್ಷಣದಲ್ಲಿ ಮುಗಿಯುವ ಕೆಲಸ, ಇಲ್ಲದಿದ್ದರೆ ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸುತ್ತಾ ನಿಮಿಷಗಟ್ಟಲೆ ಎಳೆಯುತ್ತದೆ. ಸಿಗ್ನಲ್ ಪೂರ್ತಿ ಹೋದರೆ ಫೋನು ತನಗೆ ಗೊತ್ತಿರುವ ಬ್ಯಾಂಡ್‌ಗಳನ್ನೆಲ್ಲ (ರೇಡಿಯೋ ಚಾನೆಲ್‌ಗಳಿದ್ದ ಹಾಗೆ) ಒಂದೊಂದಾಗಿ ತಡಕಲು ಶುರು ಮಾಡುತ್ತದೆ, ಎರಡು ಸಿಮ್ ಇದ್ದರೆ ಎರಡಕ್ಕೂ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ರೈಲಿನಲ್ಲಿ ಹೋಗಿದ್ದರೆ ನೋಡಿರುತ್ತೀರಿ, ಸುಮಾರು 55 ಕಿಲೋಮೀಟರ್ ಘಟ್ಟದಲ್ಲಿ ಐವತ್ತಕ್ಕೂ ಹೆಚ್ಚು ಸುರಂಗ. ಸಿಗ್ನಲ್ ಸಿಕ್ಕಿತು ಅನ್ನುವಷ್ಟರಲ್ಲಿ ಮತ್ತೆ ಕತ್ತಲೆ, ಮತ್ತೆ ಹುಡುಕಾಟ. ಬೆಂಗಳೂರಿನಲ್ಲೇ ಬೇಸ್‌ಮೆಂಟ್ ಆಫೀಸಿನಲ್ಲಿ ಕೂರುವವರಿಗೂ ಇದೇ ಗೋಳು.

ನಿಮ್ಮ ಊರಲ್ಲೂ ಹಾಗೇನಾ ಅಂತ ನೋಡಲು ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಫೋನು ಒಂದೊಂದು ಥರ ತೋರಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಅಬೌಟ್ ಫೋನ್, ಅಲ್ಲಿ ಸಿಮ್ ಸ್ಟೇಟಸ್ ನೋಡಿ, ಡಿಬಿಎಂ ಅಂತ ಮೈನಸ್ ಸಂಖ್ಯೆ ಇರುತ್ತದೆ, ಅದು ಸಿಗ್ನಲ್ಲಿನ ಅಳತೆ, ಮೈನಸ್ ಹೆಚ್ಚಾದಷ್ಟೂ ಸಿಗ್ನಲ್ ಕಡಿಮೆ. ಬೆಂಗಳೂರಿನ ಮನೆಯಲ್ಲಿ ನನಗೆ ಮೈನಸ್ 85, ಊರಿನ ಒಳಕೋಣೆಯಲ್ಲಿ ಮೈನಸ್ 117. ನೋಡೋಕೆ ಸಣ್ಣ ವ್ಯತ್ಯಾಸ, ಆದರೆ ಹತ್ತು ಇಳಿದರೆ ಸಿಗ್ನಲ್ ಹತ್ತರಲ್ಲಿ ಒಂದು ಪಾಲಾಗುತ್ತದೆ, ಮೂವತ್ತು ಇಳಿದರೆ ಸಾವಿರದಲ್ಲಿ ಒಂದು.

ಲೇಹ್ ಕಡೆ ಚಳಿಯಲ್ಲಿ ಫೋನು ದಪ್ಪಂತ ಆಫ್ ಆಗುವುದು ಬೇರೆ ಕಥೆ. ಅಲ್ಲಿ ಬ್ಯಾಟರಿಯ ಒಳಗಿನ ರಾಸಾಯನಿಕ ಕೆಲಸವೇ ನಿಧಾನವಾಗಿ ವೋಲ್ಟೇಜ್ ಕುಸಿಯುತ್ತದೆ, ಬೆಚ್ಚಗೆ ಇಟ್ಟರೆ ಚಾರ್ಜು ವಾಪಸ್ ಬಂದಹಾಗೆ ಕಾಣುತ್ತದೆ.

ಏನು ಮಾಡಬಹುದು? ಮನೆಯಲ್ಲಿ ವೈಫೈ ಇದ್ದರೆ ಏರೋಪ್ಲೇನ್ ಮೋಡ್ ಹಾಕಿ, ಮೇಲೆ ವೈಫೈ ಒಂದನ್ನು ಆನ್ ಮಾಡಿ, ವೈಫೈ ಕಾಲಿಂಗ್ ಇದ್ದರೆ ಕರೆಯೂ ಬರುತ್ತದೆ. ಊರಲ್ಲಿ ಸಿಗದ ಸಿಮ್ ಇದ್ದರೆ ಅದನ್ನು ಆಫ್ ಮಾಡಿ. 5ಜಿ ಬಂದು ಹೋಗಿ ಮಾಡುತ್ತಿದ್ದರೆ 4ಜಿಗೆ ಕಟ್ಟಿಹಾಕಿ.

ಮಳೆಗಾಲದಲ್ಲಿ ಮಾತ್ರ ಇದೂ ಸಾಲುವುದಿಲ್ಲ. ಕರೆಂಟ್ ಹೋಗಿ ಎರಡು ದಿನ ಆದರೆ ನಮ್ಮ ಹತ್ತಿರದ ಟವರಿನ ಬ್ಯಾಟರಿಯೂ ಮುಗಿದಿರುತ್ತದೆ, ಫೋನು ಎಲ್ಲೋ ದೂರದ ಟವರಿಗೆ ಜೋತುಬೀಳುತ್ತದೆ. ಚಾರ್ಜ್ ಮಾಡಲು ಕರೆಂಟ್ ಇಲ್ಲದ ಹೊತ್ತಿಗೇ ಸರಿಯಾಗಿ ಚಾರ್ಜು ಹೀರುವುದು! ಆಗ ನಾವು ದಿನವಿಡೀ ಏರೋಪ್ಲೇನ್ ಮೋಡ್‌ನಲ್ಲೇ ಇಟ್ಟು, ಸಂಜೆ ಆರಕ್ಕೆ ಕಿಟಕಿ ಹತ್ತಿರ ಹೋಗಿ ತೆಗೆಯುತ್ತೇವೆ. ಆ ಹೊತ್ತಿಗೆ ಅಕ್ಕ ಮಂಗಳೂರಿನಿಂದ ಫೋನು ಮಾಡುತ್ತಾಳೆ, ಐದು ನಿಮಿಷ ಮಾತಾಡಿ ಮತ್ತೆ ಮುಚ್ಚಿಡುತ್ತೇವೆ.