ಸಂಬಳದ ಆಟ, ಮಾಲೀಕರ ಆಟಗಾರ: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ಆರಂಭದ ಕುರಿತು ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ವಿಷಾದದ ಒಂದು ಸಾಲು ಬರೆದು ಹಿಂದಿರುಗಿಸುವಂಥ ಬರಹವೂ ಅದಲ್ಲವಾದ್ದರಿಂದ ಕಾರಣಗಳನ್ನು ಬಿಡಿಸಿ ಹೇಳುತ್ತೇನೆ. ಕೂಪರ್ಸ್‌ಟೌನ್‌ನಲ್ಲಿ ಆಬ್ನರ್ ಡಬಲ್‌ಡೇ 1839ರಲ್ಲಿ ಆಟವನ್ನು ಕಂಡುಹಿಡಿದ ಪ್ರಸಂಗದಿಂದ ನೀವು ಆರಂಭಿಸುತ್ತೀರಿ, ಸಿನ್ಸಿನಾಟಿ ತಂಡದ ಗೆಲುವುಗಳನ್ನು ಎಣಿಸುತ್ತೀರಿ, ನ್ಯಾಷನಲ್ ಲೀಗ್‌ನ ಸ್ಥಾಪನೆಯನ್ನು ಒಂದೇ ಪ್ಯಾರಾದಲ್ಲಿ ಮುಗಿಸಿ, ಕೊನೆಗೆ ಐಪಿಎಲ್ ಹರಾಜಿಗೆ ಬಂದು ನಿಲ್ಲುತ್ತೀರಿ. ಆಡುವುದು ಸಂಬಳದ ಕೆಲಸವಾದದ್ದು ಹೇಗೆ, ಹಾಗಾದ ಹತ್ತು ವರ್ಷಗಳೊಳಗೆ ಆ ಕೆಲಸಗಾರನ ಮೇಲೆ ಮಾಲೀಕನಿಗೆ ಹಿಡಿತ ಸಿಕ್ಕಿದ್ದು ಹೇಗೆ ಎಂಬ ಕಥೆ ಇವೆಲ್ಲದರ ನಡುವೆ ಚದುರಿ ಬಿದ್ದಿದೆ. ನಮಗೆ ಬೇಕಾಗಿರುವುದು ಆ ಕಥೆ.

ಡಬಲ್‌ಡೇಯನ್ನು ಮೊದಲು ಕೈಬಿಡಿ. ನೀವು ಹೇಳುವ ವರ್ಷದಲ್ಲಿ ಆತ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ವಿದ್ಯಾರ್ಥಿ. 1893ರಲ್ಲಿ ಆತ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಆಟದ ಮೂಲವನ್ನು ಪತ್ತೆಹಚ್ಚಲು 1905ರಲ್ಲಿ ನೇಮಕವಾದ ಮಿಲ್ಸ್ ಸಮಿತಿ, ಒಬ್ಬ ವೃದ್ಧನ ಬಾಲ್ಯದ ನೆನಪನ್ನು ನೆಚ್ಚಿಕೊಂಡು ಆ ಕೀರ್ತಿಯನ್ನು ಆತನಿಗೆ ಕಟ್ಟಿತು. ಸಮಿತಿಯ ಹಿಂದಿದ್ದವನು ಮಾಜಿ ಆಟಗಾರನೂ ಕ್ರೀಡಾ ಸಾಮಗ್ರಿಯ ವ್ಯಾಪಾರಿಯೂ ಆದ ಆಲ್ಬರ್ಟ್ ಸ್ಪಾಲ್ಡಿಂಗ್. ಬೇಸ್‌ಬಾಲ್ ಇಂಗ್ಲೆಂಡಿನ ರೌಂಡರ್ಸ್ ಎಂಬ ಆಟದಿಂದ ಬಂದದ್ದೆಂಬ ಪತ್ರಕರ್ತ ಹೆನ್ರಿ ಚಾಡ್ವಿಕ್‌ನ ವಾದ ಅವನಿಗೆ ಸಹಿಸದಾಗಿತ್ತು. ಈ ದಂತಕಥೆಯನ್ನು ಹೇಳಲೇಬೇಕೆಂದಿದ್ದರೆ ದಂತಕಥೆಯೆಂದೇ ಹೇಳಿ, ಎರಡು ವಾಕ್ಯಗಳಲ್ಲಿ ಮುಗಿಸಿ.

ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ಕುರಿತ ಭಾಗ ನಿಮ್ಮ ಲೇಖನದಲ್ಲೇ ಉತ್ತಮವಾದದ್ದು, ಆದರೂ ಅದು ಬರೀ ಜಯಘೋಷವಾಗಿದೆ. 1859ರಲ್ಲಿ ಸಂಬಳ ಪಡೆದು ಆಡುವುದನ್ನು ನಿಷೇಧಿಸಿದ್ದ ಆಟಗಾರರ ರಾಷ್ಟ್ರೀಯ ಸಂಘವು 1868ರ ಕೊನೆಯಲ್ಲಿ ಅದಕ್ಕೆ ಒಪ್ಪಿಗೆ ಕೊಡುವಷ್ಟರಲ್ಲಿ, ಗುಟ್ಟಾಗಿ ಹಣ ಕೊಟ್ಟು ಆಡಿಸುವ ಪದ್ಧತಿ ಆಗಲೇ ಬೇರೂರಿತ್ತು. ಹಾಗೆ ಗುಟ್ಟಾಗಿ ಹಣ ಪಡೆದನೆನ್ನಲಾದ ಬ್ರೂಕ್ಲಿನ್‌ನ ಜಿಮ್ ಕ್ರೈಟನ್‌ನ ಹೆಸರು ಇಲ್ಲಿ ಬರಲೇಬೇಕು. ಸಿನ್ಸಿನಾಟಿ ತಂಡದ ನಾಯಕ ಹ್ಯಾರಿ ರೈಟ್ ಮಾಡಿದ್ದು ಅದನ್ನು ಬಹಿರಂಗವಾಗಿ, ಲೆಕ್ಕ ಇಟ್ಟು ನಡೆಸಿದ್ದು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹುಟ್ಟಿ ನ್ಯೂಯಾರ್ಕ್‌ನ ಸೇಂಟ್ ಜಾರ್ಜ್ ಕ್ಲಬ್‌ನಲ್ಲಿ ಸಂಬಳಕ್ಕೆ ಕ್ರಿಕೆಟ್ ಆಡಿದ್ದ ಈತನಿಗೆ ಆಟವನ್ನು ಉದ್ಯೋಗವಾಗಿ ಕಾಣುವುದು ಹೊಸತೇನಾಗಿರಲಿಲ್ಲ. ನಮ್ಮ ಓದುಗರಿಗೆ ಕ್ರಿಕೆಟ್ ಮೂಲಕ ದಾರಿ ತೋರಿಸಬೇಕೆಂದಿದ್ದರೆ ಈ ಸಂಗತಿಯೇ ಸಾಕು.

1869ರಲ್ಲಿ ಆ ತಂಡದ ಒಟ್ಟು ಸಂಬಳ 9,300 ಡಾಲರ್. ಅದರಲ್ಲಿ ಅತಿ ಹೆಚ್ಚಿನದು, 1,400 ಡಾಲರ್, ಹ್ಯಾರಿಯ ತಮ್ಮ ಜಾರ್ಜ್ ರೈಟ್‌ನದು. ಊರಿನ ಹೆಸರಿನಲ್ಲಿ ಆಡಿದವರಲ್ಲಿ ಆ ಊರಿನವನು ಚಾರ್ಲಿ ಗೌಲ್ಡ್ ಒಬ್ಬನೇ. ಅದೇ ಮೇ ತಿಂಗಳಲ್ಲಿ ಪೂರ್ಣಗೊಂಡ ಖಂಡಾಂತರ ರೈಲುಮಾರ್ಗ ಹಿಡಿದು ಅವರು ಸ್ಯಾನ್ ಫ್ರಾನ್ಸಿಸ್ಕೋವರೆಗೂ ಹೋಗಿ ಆಡಿ ಬಂದರು. 57 ಗೆಲುವುಗಳನ್ನು ನೀವು ಹೇಳಿದ್ದೀರಿ. ಟ್ರಾಯ್ ಊರಿನ ತಂಡ 17–17ರ ಸಮಬಲದಲ್ಲಿದ್ದಾಗ ಜಗಳ ತೆಗೆದು ಮೈದಾನ ಬಿಟ್ಟು ಹೋದದ್ದನ್ನು, ಅದು ಬಾಜಿ ಕಟ್ಟಿದವರ ಹಣ ಉಳಿಸುವ ಉಪಾಯವೆಂಬ ಅನುಮಾನ ಎದ್ದದ್ದನ್ನು ಬಿಟ್ಟಿದ್ದೀರಿ. ಇಷ್ಟೆಲ್ಲ ಗೆದ್ದ ಮೇಲೆ ವರ್ಷದ ಕೊನೆಗೆ ಕ್ಲಬ್‌ಗೆ ಉಳಿದ ಲಾಭ ಒಂದು ಡಾಲರ್ 39 ಸೆಂಟ್ ಎಂಬ ಲೆಕ್ಕವೂ ನಿಮ್ಮ ಲೇಖನದಲ್ಲಿಲ್ಲ. ನಾನಾಗಿದ್ದರೆ ಲೇಖನವನ್ನು ಅಲ್ಲಿಂದಲೇ ಶುರುಮಾಡುತ್ತಿದ್ದೆ. 1870ರ ಜೂನ್ 14ರಂದು ಬ್ರೂಕ್ಲಿನ್‌ನಲ್ಲಿ ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಸಮನಾದ ಪಂದ್ಯವನ್ನು ಎದುರಾಳಿಗಳು ಡ್ರಾ ಎಂದು ಒಪ್ಪಲು ಸಿದ್ಧರಿದ್ದರೂ ಮುಂದುವರಿಸಬೇಕೆಂದು ಹಟ ಹಿಡಿದವನು ರೈಟ್. ಹನ್ನೊಂದನೆಯ ಇನ್ನಿಂಗ್ಸ್‌ನಲ್ಲಿ 8–7ರಿಂದ ಸೋತವರೂ ಅವನ ತಂಡದವರೇ. ಸೋಲಿನ ಬೆನ್ನಿಗೆ ಪ್ರೇಕ್ಷಕರು ಕಡಿಮೆಯಾದರು. ಆ ವರ್ಷ ಮುಗಿಯುವ ಮೊದಲೇ ಕ್ಲಬ್ ಸಂಬಳದ ಆಟಗಾರರನ್ನು ಕೈಬಿಟ್ಟಿತು, ರೈಟ್ ಬಾಸ್ಟನ್‌ಗೆ ಹೋದ.

1871ರಲ್ಲಿ ಹುಟ್ಟಿದ ವೃತ್ತಿಪರ ಆಟಗಾರರ ಸಂಘಕ್ಕೂ 1876ರ ನ್ಯಾಷನಲ್ ಲೀಗ್‌ಗೂ ಇರುವ ಭೇದವನ್ನು ನೀವು ಹೆಸರಿನ ಬದಲಾವಣೆಯಂತೆ ದಾಟಿಹೋಗಿದ್ದೀರಿ. ಮೊದಲನೆಯದಕ್ಕೆ ಹತ್ತು ಡಾಲರ್ ಕಟ್ಟಿದ ಯಾವ ಕ್ಲಬ್ ಬೇಕಾದರೂ ಸೇರಬಹುದಿತ್ತು; ಎರಡನೆಯದನ್ನು ಕಟ್ಟಿದ ಶಿಕಾಗೋದ ವಿಲಿಯಂ ಹಲ್ಬರ್ಟ್ ಅಧಿಕಾರವನ್ನು ಆಟಗಾರರಿಂದ ತೆಗೆದು ಕ್ಲಬ್ ಮಾಲೀಕರ ಕೈಗಿಟ್ಟ. ಅದರ ಫಲ 1879ರಲ್ಲಿ ಕಾಣಿಸಿತು. ಪ್ರತಿ ಕ್ಲಬ್ ಐವರು ಆಟಗಾರರನ್ನು ಕಾಯ್ದಿರಿಸಿಕೊಳ್ಳಬಹುದು, ಅವರನ್ನು ಬೇರೆ ಯಾವ ಕ್ಲಬ್ಬೂ ಕರೆಯಬಾರದು ಎಂದು ಮಾಲೀಕರು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡರು. ಐದು ಮುಂದೆ ಹನ್ನೊಂದಾಯಿತು, ಬಳಿಕ ಇಡೀ ತಂಡಕ್ಕೇ ಚಾಚಿಕೊಂಡಿತು. ಇಷ್ಟು ದೊಡ್ಡ ಸಂಗತಿಗೆ ನಿಮ್ಮ ಲೇಖನದಲ್ಲಿ ಸಿಕ್ಕಿರುವುದು ಅರ್ಧ ವಾಕ್ಯ. ಹೆಸರಾಂತ ಆಟಗಾರ ಮೈಕ್ ಕೆಲ್ಲಿಯನ್ನು 1887ರಲ್ಲಿ ಶಿಕಾಗೋ ಕ್ಲಬ್ 10,000 ಡಾಲರ್‌ಗೆ ಬಾಸ್ಟನ್‌ಗೆ ಮಾರಿದ್ದನ್ನು ನೀವು ಆಟಗಾರನ ಭಾಗ್ಯವೆಂಬಂತೆ ವರ್ಣಿಸಿದ್ದೀರಿ. ಆ ಹಣ ಸೇರಿದ್ದು ಶಿಕಾಗೋ ಕ್ಲಬ್‌ಗೆ. ಸಂಬಳಕ್ಕೆ 2,000 ಡಾಲರ್‌ಗಳ ಮಿತಿ ಇದ್ದುದರಿಂದ ಬಾಸ್ಟನ್‌ನವರು ಕೆಲ್ಲಿಗೆ 2,000 ಡಾಲರ್ ಸಂಬಳವನ್ನೂ, ಅವನ ಭಾವಚಿತ್ರ ಬಳಸಿಕೊಳ್ಳುವ ನೆಪದಲ್ಲಿ ಇನ್ನೂ 3,000 ಡಾಲರ್‌ಗಳನ್ನೂ ಕೊಟ್ಟರು. ತಾವೇ ಮಾಡಿದ ನಿಯಮಕ್ಕೆ ತಾವೇ ಕನ್ನ ಕೊರೆಯುವ ಈ ಜಾಣತನದ ರುಚಿ ಓದುಗರಿಗೆ ಸಿಗಲಿ.

ಸ್ಪಾಲ್ಡಿಂಗ್‌ನ ವಿಶ್ವಪ್ರವಾಸದ ತಂಡಗಳು 1889ರಲ್ಲಿ ಕೊಲಂಬೋದಲ್ಲಿ ಆಡಿದ್ದು ನಿಜ, ನಮ್ಮ ನೆರೆಯ ಊರೆಂದು ನೀವು ಅದಕ್ಕೆ ಮನಸೋತದ್ದೂ ಸಹಜ. ಆದರೆ ಆ ಪ್ರವಾಸದಲ್ಲಿ ನ್ಯೂಯಾರ್ಕ್‌ನ ಜಾನ್ ಮಾಂಟ್ಗಮರಿ ವಾರ್ಡ್ ಇದ್ದ. ಕಾನೂನು ಪದವೀಧರನಾದ ಆತ 1885ರಲ್ಲಿ ಹುಟ್ಟಿದ ಆಟಗಾರರ ಬಳಗದ ನಾಯಕ. ಆತ ದೇಶದಿಂದ ದೂರವಿದ್ದಾಗಲೇ ಮಾಲೀಕರು ಆಟಗಾರರನ್ನು ಐದು ದರ್ಜೆಗಳಾಗಿ ವಿಂಗಡಿಸಿ ಸಂಬಳವನ್ನು 1,500ರಿಂದ 2,500 ಡಾಲರ್‌ಗಳಿಗೆ ಕಟ್ಟಿಹಾಕಿದರು. 1890ರಲ್ಲಿ ಆಟಗಾರರು ತಮ್ಮದೇ ಪ್ಲೇಯರ್ಸ್ ಲೀಗ್ ಕಟ್ಟಿದ್ದು ಇದಕ್ಕೆ ಕೊಟ್ಟ ಉತ್ತರ. ವಾರ್ಡ್‌ನನ್ನು ತಡೆಯಲು ಅವನ ಹಳೆಯ ಕ್ಲಬ್ ಹೂಡಿದ ದಾವೆಯಲ್ಲಿ ನ್ಯಾಯಾಲಯ ಆಟಗಾರನ ಪರ ನಿಂತಿತು. ಆದರೆ ಹಣ ಹೂಡಿದವರು ಒಂದೇ ಋತುವಿನಲ್ಲಿ ಕಂಗೆಟ್ಟು ಎದುರಾಳಿಗಳ ಜೊತೆ ರಾಜಿಯಾದರು, ಲೀಗ್ ಮುಳುಗಿತು. ಲೇಖನ ಇಲ್ಲಿಗೆ ಮುಗಿಯಬೇಕು.

ಕಪ್ಪು ಆಟಗಾರರ ಬಗ್ಗೆ ನೀವು ಬರೆದಿರುವ ಒಂದೇ ವಾಕ್ಯ ತಪ್ಪಾಗಿದೆ. 1947ರ ಜಾಕಿ ರಾಬಿನ್ಸನ್ ಪ್ರಮುಖ ಲೀಗ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರನಲ್ಲ. 1884ರಲ್ಲೇ ಮೋಸಸ್ ಫ್ಲೀಟ್‌ವುಡ್ ವಾಕರ್ ಟೊಲೀಡೊ ತಂಡದ ಪರವಾಗಿ ಅಮೆರಿಕನ್ ಅಸೋಸಿಯೇಷನ್ ಎಂಬ ಪ್ರಮುಖ ಲೀಗ್‌ನಲ್ಲಿ ಆಡಿದ್ದ. ಕಪ್ಪು ಸದಸ್ಯರಿದ್ದ ಕ್ಲಬ್‌ಗಳನ್ನು ಮೊದಲು ಸಂಬಳವನ್ನು ನಿಷೇಧಿಸಿದ್ದ ಆ ಹಳೆಯ ಸಂಘ 1867ರಲ್ಲೇ ಹೊರಗಿಟ್ಟಿತ್ತು. 1887ರಲ್ಲಿ ಇಂಟರ್‌ನ್ಯಾಷನಲ್ ಲೀಗ್ ಇನ್ನು ಮುಂದೆ ಕಪ್ಪು ಆಟಗಾರರೊಂದಿಗೆ ಹೊಸ ಕರಾರು ಬೇಡವೆಂದು ತೀರ್ಮಾನಿಸಿತು. ಯಾರಿಗೆ ಸಂಬಳ, ಎಷ್ಟು ಸಂಬಳ ಎಂದು ನಿರ್ಧರಿಸುವ ಹಕ್ಕು ಯಾರ ಕೈಗೆ ಹೋಯಿತೆಂಬ ಪ್ರಶ್ನೆಗೆ ಇದೂ ಸೇರಿದ್ದು, ಆದ್ದರಿಂದ ಇದನ್ನು ಕಾಯ್ದಿರಿಸುವ ನಿಯಮದ ಪಕ್ಕದಲ್ಲೇ ಇಡಿ.

ಇನ್ನು ಸಣ್ಣ ತಿದ್ದುಪಡಿಗಳು. 1869ರ ಪಿಚರ್ ಕೈಯನ್ನು ಕೆಳಗಿನಿಂದ ಬೀಸಿ 45 ಅಡಿ ದೂರದಿಂದ ಚೆಂಡೆಸೆಯುತ್ತಿದ್ದ. ನೀವು ಕೊಟ್ಟಿರುವ 60 ಅಡಿ 6 ಅಂಗುಲದ ಅಳತೆ ಬಂದದ್ದು 1893ರಲ್ಲಿ. ಐಪಿಎಲ್ ಹರಾಜಿನ ಪ್ಯಾರಾ ಪೂರ್ತಿ ಹೋಗಲಿ, ಕೆಲ್ಲಿಯ ಮಾರಾಟವನ್ನು ಓದಿದವರಿಗೆ ಅದು ತಾನಾಗಿಯೇ ನೆನಪಾಗುತ್ತದೆ. ತಿದ್ದಿದ ಪ್ರತಿ 1,500 ಪದಗಳನ್ನು ಮೀರದಿರಲಿ, ಡಾಲರ್ ಮೊತ್ತಗಳನ್ನು ಇಂದಿನ ರೂಪಾಯಿಗೆ ಪರಿವರ್ತಿಸುವ ಗೋಜಿಗೆ ಹೋಗಬೇಡಿ.

ಇಂತಿ,
ಸಂಪಾದಕ