ಸಂಪಾದಕರ ಉತ್ತರ: ಜ್ವರ, ಬಿಗಿದ ಕತ್ತು, ಆದರೆ ಮೆನಿಂಜೈಟಿಸ್ ಅಲ್ಲ

ಪಾರ್ಶ್ವವಾಯುವಾದ 9ನೇ ದಿನ ತಂದೆಗೆ 102 ಡಿಗ್ರಿ ಜ್ವರ ಬಂತು, ಕತ್ತು ಬಿಗಿಯಿತು. ಬೆನ್ನುಹುರಿಯ ನೀರಿನ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಆ್ಯಂಟಿಬಯೋಟಿಕ್‌ಗೂ ಜ್ವರ ಬಗ್ಗಲಿಲ್ಲ. ಕೊನೆಗೆ ವೈದ್ಯರು ‘ಕತ್ತಿನಲ್ಲಿ ಹರಳು’ ಎಂದರು. ಹೀಗೂ ಉಂಟೇ ಎಂದು ಓದುಗರೊಬ್ಬರು ಕೇಳಿದ್ದಾರೆ.

ಉಂಟು. ಇದಕ್ಕೆ ಕ್ರೌನ್ಡ್ ಡೆನ್ಸ್ ಸಿಂಡ್ರೋಮ್ ಎನ್ನುತ್ತಾರೆ. 1985ರಲ್ಲಿ ಫ್ರಾನ್ಸಿನ ವೈದ್ಯರು ವಿವರಿಸಿದ್ದು. ಕತ್ತಿನ 2ನೇ ಮೂಳೆಯಿಂದ ಮೇಲಕ್ಕೆ ಚಾಚಿರುವ ಡೆನ್ಸ್ ಎಂಬ ಗೂಟದ ಸುತ್ತ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಹರಳು ಕಿರೀಟದಂತೆ ಕೂತಿರುತ್ತದೆ. ಅರವತ್ತು ದಾಟಿದವರಲ್ಲಿ ಇಂಥ ಹರಳು ವರ್ಷಗಟ್ಟಲೆ ಸದ್ದಿಲ್ಲದೆ ಇರಬಹುದು. ಹಠಾತ್ ಕಾಯಿಲೆ, ನೀರಿನಂಶದ ಕೊರತೆ, ಹಾಸಿಗೆ ಹಿಡಿದಿರುವುದು, ಇವೆಲ್ಲ ಸೇರಿದಾಗ ಕೆರಳುತ್ತದೆ. ಪಾರ್ಶ್ವವಾಯು ರೋಗಿಯಲ್ಲಿ ಮೂರೂ ಇರಬಹುದು.

ಜ್ವರ ಎಂದೊಡನೆ ಮೊದಲು ನೋಡಬೇಕಾದದ್ದು ನುಂಗುವಾಗ ಆಹಾರ ಶ್ವಾಸಕೋಶಕ್ಕೆ ಜಾರಿ ಬರುವ ನ್ಯುಮೋನಿಯಾ, ಮೂತ್ರದ ಸೋಂಕು, ಸೂಜಿ ಚುಚ್ಚಿದ ಜಾಗದ ಉರಿಯೂತ. ಕತ್ತೂ ಬಿಗಿದಿದ್ದರೆ ಮೆನಿಂಜೈಟಿಸ್ (ಮೆದುಳಿನ ಪೊರೆಯ ಉರಿಯೂತ) ಮತ್ತು ಮೆದುಳಿನ ಸುತ್ತಲ ಪೊರೆಗಳ ನಡುವಿನ ರಕ್ತಸ್ರಾವ ಅಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ನಿಮ್ಮ ತಂದೆಯ ಬೆನ್ನುಹುರಿಯ ನೀರು ತೆಗೆದದ್ದು ವ್ಯರ್ಥವಲ್ಲ.

ಸುಳಿವು ಕತ್ತು ತಿರುಗುವ ಬಗೆಯಲ್ಲಿದೆ. ಮೆನಿಂಜೈಟಿಸ್‌ನಲ್ಲಿ ಗದ್ದವನ್ನು ಎದೆಗೆ ತಾಗಿಸುವುದು ಕಷ್ಟ, ಎಡಬಲ ಹೊರಳಿಸುವುದು ಅಷ್ಟು ಕಷ್ಟವಲ್ಲ. ಕ್ರೌನ್ಡ್ ಡೆನ್ಸ್‌ನಲ್ಲಿ ಹೊರಳಿಸಿದರೇ ಪ್ರಾಣ ಹೋಗುವಂಥ ನೋವು, ಏಕೆಂದರೆ ಕತ್ತಿನ ಹೊರಳಾಟದ ಸುಮಾರು ಅರ್ಧ ನಡೆಯುವುದು ಮೊದಲೆರಡು ಮೂಳೆಗಳ ನಡುವೆಯೇ. ಮಾತು ಹೋದ ರೋಗಿ ಹೇಳಲಾರರು. ಮಗ್ಗುಲು ಬದಲಿಸುವಾಗ ಮುಖ ಕಿವುಚುತ್ತಾರೆಯೇ ನೋಡಿ. ಮೊಣಕಾಲು, ಮಣಿಕಟ್ಟು ಊದಿದ್ದರೂ ಹೇಳಿ; ಆ ಕೀಲಿನ ನೀರಿನಲ್ಲಿ ಹರಳು ಸಿಕ್ಕರೆ ಅನುಮಾನಕ್ಕೆ ಬಲ ಬರುತ್ತದೆ.

ರಕ್ತದಲ್ಲಿ ಉರಿಯೂತ ಸೂಚಿಸುವ ಸಿಆರ್‌ಪಿ ಎಂಬ ಪ್ರೋಟೀನ್ ಏರಿರುತ್ತದೆ, ಸೋಂಕಿನಲ್ಲೂ ಏರುತ್ತದೆ, ಹಾಗಾಗಿ ಅದರಿಂದ ತೀರ್ಮಾನವಾಗದು. ಬೇಕಾದದ್ದು ಕತ್ತಿನ ಮೇಲ್ಭಾಗದ ತೆಳುಪದರ ಸಿಟಿ, ಮೂಳೆ ಕಾಣುವ ಬೋನ್ ವಿಂಡೋದಲ್ಲಿ. ಮೆದುಳಿನ ಸಿಟಿಯಲ್ಲಿ ಡೆನ್ಸ್ ಪೂರ್ತಿ ಬಾರದೆ ಹೋಗಬಹುದು, ಎಂಆರ್‌ಐನಲ್ಲಿ ಸುಣ್ಣದಂಶ ಕಣ್ತಪ್ಪುತ್ತದೆ.

ಉರಿಯೂತ ಇಳಿಸುವ ನೋವಿನ ಮಾತ್ರೆಗೆ ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ. ಆದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನುಂಗುತ್ತಿರುವವರಿಗೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ. ಹಾಗಾಗಿ ಹರಳಿನ ಉರಿಯೂತ ತಗ್ಗಿಸುವ 0.5 ಮಿ.ಗ್ರಾಂ. ಕಾಲ್ಚಿಸಿನ್ ಅಥವಾ ಕೆಲ ದಿನದ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್‌ನತ್ತ ವೈದ್ಯರು ಹೋಗುವುದುಂಟು. ಮೂತ್ರಪಿಂಡ ದುರ್ಬಲವಿದ್ದರೆ, ಕ್ಲಾರಿತ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ನಡೆಯುತ್ತಿದ್ದರೆ ಕಾಲ್ಚಿಸಿನ್ ವಿಷವಾಗಬಲ್ಲದು. ಪ್ರೆಡ್ನಿಸೊಲೋನ್ ಸಕ್ಕರೆ ಏರಿಸುತ್ತದೆ.

ಇನ್ನೊಂದು ಮಾತು. ಸಿಟಿಯಲ್ಲಿ ಕಿರೀಟ ಕಂಡಿತೆಂದ ಮಾತ್ರಕ್ಕೆ ಜ್ವರಕ್ಕೆ ಅದೇ ಕಾರಣವೆನ್ನಲಾಗದು. ಯಾವ ತೊಂದರೆಯೂ ಇಲ್ಲದ ವೃದ್ಧರಲ್ಲೂ ಅದು ಕಾಣುತ್ತದೆ. ಔಷಧ ಕೊಟ್ಟ ಮೂರ್ನಾಲ್ಕು ದಿನದಲ್ಲಿ ಜ್ವರ ಇಳಿಯದಿದ್ದರೆ, ಚೆನ್ನಾಗಿದ್ದ ಕೈಕಾಲೂ ಸೋಲತೊಡಗಿದರೆ, ಬೆನ್ನುಹುರಿಯ ಸುತ್ತ ಕೀವು ಕಟ್ಟಿದೆಯೇ ಎಂದು ಎಂಆರ್‌ಐ ತಡಮಾಡದೆ ಆಗಬೇಕು.