ಸಿಮೆಂಟ್ ಯಾಕೆ ತುಂಬಿದ ಅನ್ನೋ ಪ್ರಶ್ನೆಗೆ ಮಾರ್ಕ್ಸ್ ಇಲ್ವಂತೆ

ವಿಜಯನಗರದಿಂದ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಮಗಳು ಒಂಬತ್ತನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿ ಮೇಲೆ ಪ್ಲಾಟ್, ಸೆಟ್ಟಿಂಗ್, ಕ್ಯಾರೆಕ್ಟರ್, ಥೀಮ್, ಸಿಂಬಲ್, ಪಾಯಿಂಟ್ ಆಫ್ ವ್ಯೂ ಅಂತ ಆರು ಹೆಡ್ಡಿಂಗ್ ಹಾಕಿ ಪ್ರಾಜೆಕ್ಟ್ ಬರೀಬೇಕಂತೆ. ಟ್ಯೂಷನ್‌ನಲ್ಲಿ ನೋಟ್ಸ್ ಕೊಟ್ಟಿದ್ದಾರೆ, ಅದನ್ನೇ ಬರೆದ್ರೆ ಫುಲ್ ಮಾರ್ಕ್ಸ್ ಅಂತಾರೆ. ಇವಳು ಮಾತ್ರ ಆ ಮರದ ಪೊಟರೆಗೆ ಸಿಮೆಂಟ್ ಯಾಕೆ ತುಂಬಿದ ಅಂತ ನನ್ನ ತಲೆ ತಿಂತಿದಾಳೆ. ಅದು ಪ್ರಶ್ನೇಲೇ ಇಲ್ಲ, ಬಿಡು ಅಂದೆ. ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು, ಹೆಲ್ಪ್ ಮಾಡೋಕೆ ಗೊತ್ತಾಗಲ್ಲ. ಕತೆ ಇಷ್ಟಪಟ್ಟು ಓದೋ ಮಗುಗೆ ಈ ಅನಾಲಿಸಿಸ್ ಎಲ್ಲಾ ಯಾಕೆ ಸಾರ್?"

ಸಂಪಾದಕರ ಉತ್ತರ:

ಬೇಕಮ್ಮ, ಅನಾಲಿಸಿಸ್ ಬೇಕೇ ಬೇಕು. ಅದು ನಿಮ್ಮ ಮನೇಲಿ ಆಗ್ಲೇ ಶುರುವಾಗಿದೆ, ನೀವು "ಬಿಡು" ಅಂದ್ರಲ್ಲ ಆ ಪ್ರಶ್ನೆಯಿಂದಾನೇ. ನಿಮ್ಮ ಮೇಲೆ ಸ್ವಲ್ಪ ಬೇಜಾರಾಯ್ತು ನಂಗೆ, ಯಾಕಂದ್ರೆ ಇಡೀ ಕಾಗದದಲ್ಲಿ ಕಾದಂಬರೀನ ನಿಜವಾಗ್ಲೂ ಓದಿರೋರು ನಿಮ್ಮ ಮಗಳೊಬ್ಬಳೇ, ಅವಳ ಬಾಯೇ ಮುಚ್ಚಿಸಿಬಿಟ್ರಿ.

ಟೀಚರ್ ಕಷ್ಟಾನೂ ಇದೆ, ಇಲ್ಲ ಅನ್ನಲ್ಲ. ಕ್ಲಾಸ್ ತುಂಬ ಮಕ್ಕಳು, ಎಲ್ಲರ ಪ್ರಾಜೆಕ್ಟೂ ಒಂದೇ ಅಳತೇಲಿ ತಿದ್ದಬೇಕು, ಆರು ಹೆಡ್ಡಿಂಗ್ ಇದ್ರೆ ಮಕ್ಕಳಿಗೂ ಎಲ್ಲಿಂದ ಶುರು ಮಾಡೋದು ಅನ್ನೋ ಗಾಬರಿ ಇರಲ್ಲ. ಸರಿ. ಆದ್ರೆ ಹೆಡ್ಡಿಂಗ್ ಮೊದಲು ಬಂದು ಓದು ಆಮೇಲೆ ಬಂದ್ರೆ, ಅಥವಾ ಓದು ಬರದೇ ಇದ್ರೆ, ಅದನ್ನ ಸಾಹಿತ್ಯದ ಪಾಠ ಅಂತ ನಾನಂತೂ ಒಪ್ಪಲ್ಲ.

ಈಗ ಆ ಪೊಟರೆ ವಿಷಯಕ್ಕೆ ಬರ್ತೀನಿ. ಹಾರ್ಪರ್ ಲೀ ಈ ಕಾದಂಬರಿ ತಂದಿದ್ದು 1960ರಲ್ಲಿ, ಕತೆ ನಡೆಯೋದು 1930ರ ದಶಕದ ಅಮೆರಿಕದ ಅಲಬಾಮಾದಲ್ಲಿ, ಮೇಕೋಂಬ್ ಅನ್ನೋ ಕಲ್ಪನೆಯ ಪುಟ್ಟ ಊರಲ್ಲಿ. ಸ್ಕೌಟ್, ಜೆಮ್ ಅಂತ ಇಬ್ಬರು ಅಣ್ಣತಂಗಿ. ರಾಡ್ಲಿ ಮನೆ ಅಂಚಿನ ಮರದ ಪೊಟರೇಲಿ ಯಾರೋ ಅವರಿಗೋಸ್ಕರ ಚೂಯಿಂಗ್ ಗಮ್ಮು, ಹಳೇ ನಾಣ್ಯ, ಸೋಪಲ್ಲಿ ಕೆತ್ತಿದ ಗೊಂಬೆ, ಕೆಟ್ಟುಹೋದ ವಾಚು ಇಡ್ತಿರ್ತಾರೆ. ಮಕ್ಕಳು ಥ್ಯಾಂಕ್ಸ್ ಹೇಳಿ ಒಂದು ಕಾಗದ ಬರೆದು ಇಡೋಣ ಅಂತ ಹೋದ್ರೆ ಪೊಟರೆಗೆ ಸಿಮೆಂಟ್ ಮೆತ್ತಿದೆ. ಮನೆಯಿಂದ ಹೊರಗೇ ಬರದ ಬೂ ರಾಡ್ಲಿಯ ಅಣ್ಣ ನೇಥನ್, "ಮರಕ್ಕೆ ರೋಗ, ಅದಕ್ಕೇ ತುಂಬಿದೆ" ಅಂತಾನೆ. ಜೆಮ್ ಅವರಪ್ಪನ್ನ ಕೇಳಿದ್ರೆ, ಅಪ್ಪ ಮರ ನೋಡಿ ಎಲೆ ಎಲ್ಲಾ ಹಸಿರಾಗಿದೆಯಲ್ಲೋ, ಮರ ಚೆನ್ನಾಗೇ ಇದೆ ಅಂತಾರೆ. ಆವತ್ತು ಕತ್ತಲಾಗೋ ತನಕ ಜೆಮ್ ಜಗಲಿ ಬಿಟ್ಟು ಒಳಗೆ ಬರಲ್ಲ, ಬಂದಾಗ ಅತ್ತಿದ್ದಾನೆ ಅಂತ ಸ್ಕೌಟ್‌ಗೆ ಮುಖ ನೋಡಿ ಗೊತ್ತಾಗತ್ತೆ, ಆದ್ರೆ ಅತ್ತ ಸದ್ದೇ ಕೇಳಿಸ್ಲಿಲ್ವಲ್ಲ ಅಂತ ಅವಳಿಗೆ ಆಶ್ಚರ್ಯ.

ನಿಮ್ಮ ಮಗಳ ಆರು ಹೆಡ್ಡಿಂಗೂ ಈ ಒಂದು ಘಟನೇಲೇ ಇದಾವೆ. ಎರಡು ಮಾತಾಡೋ ನೇಥನ್, ಆ ಎರಡು ಮಾತಲ್ಲೂ ಒಂದು ಸುಳ್ಳು, ಅಷ್ಟರಲ್ಲೇ ಅವನು ಎಂಥವನು ಅಂತ ತಿಳೀತು, ಅದು ಕ್ಯಾರೆಕ್ಟರ್. ಎಲ್ಲರಿಗೂ ಎಲ್ಲರ ಮನೆ ಸುದ್ದಿ ಗೊತ್ತಿರೋ ಬೀದೀಲಿ ಒಂದು ಮನೆ ಮಾತ್ರ ಕಿಟಕಿ ಬಾಗಿಲು ಮುಚ್ಕೊಂಡಿದೆ, ಒಳಗಿರೋ ಬೂಗೆ ಹೊರಗಿನ ಮಕ್ಕಳ ಹತ್ರ ಮಾತಾಡೋಕೆ ಆ ಪೊಟರೆ ಬಿಟ್ರೆ ಬೇರೆ ದಾರಿ ಇಲ್ಲ, ಅದು ಸೆಟ್ಟಿಂಗ್. ಕತೆ ಹೇಳ್ತಿರೋಳು ದೊಡ್ಡವಳಾದ ಸ್ಕೌಟ್, ನೋಡ್ತಿರೋದು ಚಿಕ್ಕ ಹುಡುಗಿ ಸ್ಕೌಟ್, ಅಣ್ಣ ಯಾಕೆ ಅತ್ತ ಅಂತ ಅವಳಿಗೆ ಗೊತ್ತಿಲ್ಲ, ಓದ್ತಿರೋ ನಮಗೆ ಗೊತ್ತಾಗಿಬಿಡತ್ತೆ. ಪಾಯಿಂಟ್ ಆಫ್ ವ್ಯೂ ಅಂದ್ರೆ ಇದು ಕಣಮ್ಮ. ನೋಟ್ಸ್‌ನಲ್ಲಿ "ಫಸ್ಟ್ ಪರ್ಸನ್" ಅಂತ ಒಂದು ಸಾಲು ಬರೆದು ಮುಂದಕ್ಕೆ ಹೋಗಿರ್ತಾರೆ! ಕಾದಂಬರಿ ಕೊನೇಲಿ ಅದೇ ಸ್ಕೌಟ್ ರಾಡ್ಲಿ ಮನೆ ಜಗಲಿ ಮೇಲೆ ನಿಂತು ತನ್ನ ಬೀದೀನ ಅಲ್ಲಿಂದ ನೋಡ್ತಾಳೆ. ಅದನ್ನೂ ಇದರ ಪಕ್ಕ ಇಟ್ಟು ಬರೀಲಿ.

ಸಿಂಬಲ್‌ದೂ ಅದೇ ಕತೆ. "ಮಾಕಿಂಗ್‌ಬರ್ಡ್ ಅಂದ್ರೆ ಮುಗ್ಧತೆ" ಅಂತ ಗೈಡ್ ಒಂದೇ ಏಟಿಗೆ ಮುಗಿಸತ್ತೆ. ಪುಸ್ತಕದಲ್ಲಿ ಅಪ್ಪ ಮಕ್ಕಳಿಗೆ ಏರ್‌ಗನ್ ತಂದುಕೊಟ್ಟು ಆ ಹಕ್ಕಿ ಹೊಡೆಯೋದು ಪಾಪ ಅಂತಾರೆ, ಎದುರುಮನೆ ಹೆಂಗಸು ಮಿಸ್ ಮೌಡಿ ಯಾಕೆ ಪಾಪ ಅಂತ ಬಿಡಿಸಿ ಹೇಳ್ತಾರೆ, ಎಷ್ಟೋ ಅಧ್ಯಾಯ ಆದ್ಮೇಲೆ, ತಮ್ಮನ್ನ ಕಾಪಾಡಿದ ಬೂ ವಿಷಯ ಊರಿಗೆಲ್ಲ ಹೇಳಿದ್ರೆ ಅದೂ ಆ ಹಕ್ಕಿ ಹೊಡೆದ ಹಾಗೇ ಅಲ್ವಾ ಅಂತ ಸ್ಕೌಟೇ ಅಪ್ಪನ್ನ ಕೇಳ್ತಾಳೆ. ಈ ಮೂರೂ ಜಾಗ ನಿಮ್ಮ ಮಗಳು ತಾನೇ ಹುಡುಕಿ ಪೆನ್ಸಿಲ್‌ನಲ್ಲಿ ಗುರುತು ಹಾಕ್ಲಿ. ಮೊದಲನೇ ಜಾಗದಲ್ಲಿ ದೊಡ್ಡವರು ಹೇಳಿದ ಬುದ್ಧಿಮಾತಾಗಿದ್ದಿದ್ದು ಕೊನೇಲಿ ಆ ಹುಡುಗೀದೇ ತಿಳುವಳಿಕೆ ಆಗಿದೆ. ಥೀಮ್ ಅನ್ನೋ ಹೆಡ್ಡಿಂಗ್‌ಗೆ ಇದಕ್ಕಿಂತ ಏನು ಬೇಕು?

ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಕೇಂಬ್ರಿಜ್‌ನಲ್ಲಿ ಕಾದಂಬರಿ ಬಗ್ಗೆ ಉಪನ್ಯಾಸ ಕೊಟ್ರು. ರಾಜ ಸತ್ತ, ಆಮೇಲೆ ರಾಣಿ ಸತ್ತಳು ಅಂದ್ರೆ ಕತೆ, ರಾಜ ಸತ್ತ, ಆ ದುಃಖದಲ್ಲಿ ರಾಣಿ ಸತ್ತಳು ಅಂದ್ರೆ ಪ್ಲಾಟ್ ಅಂದ್ರು. ಕತೆ ಕೇಳೋರು "ಆಮೇಲೆ?" ಅಂತಾರೆ, ಪ್ಲಾಟ್ ಹಿಡಿದೋರು "ಯಾಕೆ?" ಅಂತಾರೆ. ಸಿಮೆಂಟ್ ಯಾಕೆ ಅಂದ ನಿಮ್ಮ ಮಗಳು ಯಾವ ಕಡೆ ಇದಾಳೆ ನೋಡ್ಕೊಳಿ.

ಇನ್ನು ಆ ಕನ್ನಡ ಮೀಡಿಯಂ ಮಾತು. ಅದನ್ನ ಓದಿ ನಂಗೆ ಸಿಟ್ಟೇ ಬಂತು. ನೀವು ಸ್ಕೂಲಲ್ಲಿ "ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ" ಅಂತ ಎಷ್ಟು ಸಲ ಬರೆದಿಲ್ಲ? ಈ ಮಾತು ಯಾರು ಯಾರಿಗೆ ಹೇಳಿದ್ದು, ಯಾವಾಗ, ಅದರಲ್ಲಿ ಏನು ಚೆಂದ ಇದೆ. ಇಂಗ್ಲಿಷ್ ಕ್ಲಾಸ್ ಕೇಳ್ತಿರೋದೂ ಅದನ್ನೇ. "ಮರಕ್ಕೆ ರೋಗ" ಅನ್ನೋ ನೇಥನ್ ಮಾತಿಗೆ ಸಂದರ್ಭ ಸ್ವಾರಸ್ಯ ಬರಿ ಮಗಳೇ ಅಂತ ಕೂರಿಸಿ, ಒಂದು ಪುಟ ತಾನಾಗೇ ಬರತ್ತೆ. ಕಾರಂತರ ‘ಚೋಮನ ದುಡಿ’ 1933ರದ್ದು, ಬೇಸಾಯ ಮಾಡ್ಬೇಕು ಅಂತ ಹಂಬಲಿಸಿದ ಚೋಮ ದುಃಖಕ್ಕೂ ಸಿಟ್ಟಿಗೂ ಆ ದುಡೀನೇ ಬಾರಿಸ್ತಾನೆ, ಅದು ಸಿಂಬಲ್ ಅಂತ ಹೇಳ್ಕೊಡೋಕೆ ಟ್ಯೂಷನ್ ಬೇಕಾ? ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ನಾರಣಪ್ಪನ ಹೆಣ ಸುಡೋರು ಯಾರು ಅಂತ ತೀರ್ಮಾನ ಆಗೋ ತನಕ ಅಗ್ರಹಾರದಲ್ಲಿ ಯಾರೂ ಊಟ ಮಾಡೋ ಹಾಗಿಲ್ಲ, ಆ ಒಂದು ಗಂಟಿಂದ ಇಡೀ ಪ್ಲಾಟ್ ಬಿಚ್ಕೊಳತ್ತೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದೋರು ಇದರ ಹೀರೋ ಯಾರು ಅಂತ ಹುಡುಕಿ ಸೋತು, ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕವಿಗಳು ಮೊದಲೇ ಹೇಳಿದ್ದಕ್ಕೆ ವಾಪಸ್ ಬಂದೇ ಬರ್ತಾರೆ. ಇವೆಲ್ಲ ಮನೇಲಿ ಮಾತಾಡಿ. ಕನ್ನಡದಲ್ಲೇ ಮಾತಾಡಿ, ಬರೆಯೋದು ಇಂಗ್ಲಿಷಲ್ಲಿ ಬರೀಲಿ.

ಮಾರ್ಕ್ಸ್ ಭಯ ಇದ್ರೆ ಒಂದು ಮಾತು. ಆರ್. ಕೆ. ನಾರಾಯಣ್ ಯೂನಿವರ್ಸಿಟಿ ಎಂಟ್ರೆನ್ಸ್ ಪರೀಕ್ಷೇಲಿ ಫೇಲಾಗಿದ್ದು ಇಂಗ್ಲಿಷ್‌ನಲ್ಲೇ. ಮೈಸೂರಲ್ಲಿ ಕೂತು ಇಷ್ಟ ಬಂದಿದ್ದೆಲ್ಲ ಓದಿದ ಆ ಮನುಷ್ಯರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಲಂಡನ್‌ನಲ್ಲಿ ಅಚ್ಚಾಯ್ತು.

ನನ್ನ ನಿಜವಾದ ಸಂಕಟ ಬೇರೇನೇ ಇದೆ. ಅವೆನ್ಯೂ ರೋಡಿಗೆ ಹೋಗಿ ಒಂದು ಇಂಗ್ಲಿಷ್ ಕಾದಂಬರಿ ಕೇಳಿ, ಕಾದಂಬರಿ ಸಿಗೋಕೆ ಮುಂಚೆ ಅದರ ಗೈಡ್ ಕೈಗೆ ಬರತ್ತೆ. ಈಗಂತೂ ಗೈಡೂ ಬೇಡ, ಮೊಬೈಲಲ್ಲಿ ಕೇಳಿದ್ರೆ ಆರೂ ಹೆಡ್ಡಿಂಗ್ ತುಂಬಿ ಕೊಡತ್ತೆ. ಎಷ್ಟು ಸ್ಕೂಲಲ್ಲಿ ಲೈಬ್ರರಿ ಪೀರಿಯಡ್ ಟೈಮ್‌ಟೇಬಲ್‌ನಲ್ಲಿ ಇರತ್ತೆ, ಆ ಹೊತ್ತಲ್ಲಿ ಮ್ಯಾಥ್ಸ್ ನಡೀತಿರತ್ತೆ. ಬೀರು ತುಂಬ ಪುಸ್ತಕ, ಬೀಗದ ಕೈ ಮಾತ್ರ ಆಫೀಸಲ್ಲಿ. ನಮ್ಮ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಅಂತಾನೂ ಕಟ್ತೀವಲ್ಲ, 1965ರ ಗ್ರಂಥಾಲಯ ಕಾಯ್ದೆ ಇದೆಯಲ್ಲ, ಆದ್ರೂ ನಮ್ಮ ಬಡಾವಣೆಯ ಲೈಬ್ರರಿಗಳಲ್ಲಿ ಪೇಪರ್ ಓದೋ ಹಿರಿಯರನ್ನ ಬಿಟ್ರೆ ಮಕ್ಕಳು ಕಾಣೋದೇ ಅಪರೂಪ. ಕಬ್ಬನ್ ಪಾರ್ಕಿಗೆ ಮಕ್ಕಳನ್ನ ಕರ್ಕೊಂಡ್ ಹೋಗ್ತೀವಿ, ಫೋಟೋ ತೆಗೀತೀವಿ, ಅಲ್ಲೇ ಇರೋ ಆ ಕೆಂಪು ಕಟ್ಟಡದ ಸೆಂಟ್ರಲ್ ಲೈಬ್ರರಿ ಒಳಗೆ ಎಷ್ಟು ಜನ ಕಾಲಿಟ್ಟಿದ್ದೀವಿ? ಓದೋಕೆ ಹೊತ್ತೂ ಕೊಡಲ್ಲ, ಪುಸ್ತಕಾನೂ ಕೊಡಲ್ಲ, ಕಾದಂಬರಿ ಅನಾಲಿಸಿಸ್ ಮಾತ್ರ ಸೋಮವಾರದೊಳಗೆ ಬೇಕು ಅಂದ್ರೆ ಮಕ್ಕಳು ಕಾಪಿ ಹೊಡೀದೆ ಇನ್ನೇನು ಮಾಡ್ತಾರೆ?

ಹಾಗಾಗಿ ಟ್ಯೂಷನ್ ನೋಟ್ಸ್ ಪಕ್ಕಕ್ಕಿಡಿ, ಪೊಟರೆಯಿಂದಾನೇ ಶುರು ಮಾಡು ಅನ್ನಿ, ಆರು ಹೆಡ್ಡಿಂಗ್ ಆಮೇಲೆ ಹಂಚಿ ಬರೀಲಿ. ಟೀಚರ್ ಮಾರ್ಕ್ಸ್ ಕಟ್ ಮಾಡಿದ್ರೆ ಆ ಪ್ರಾಜೆಕ್ಟ್ ನಂಗೆ ಕಳ್ಸಿ, ಜಾಗ ಮಾಡಿ ಅಚ್ಚು ಹಾಕ್ತೀನಿ. ಮುಂದಿನ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಪರ್ಸೆಂಟೇಜ್ ಕೇಳೋಕೆ ಮುಂಚೆ ಲೈಬ್ರರಿ ಪೀರಿಯಡ್ ಯಾವ ದಿನ ಇದೆ, ಬೀಗದ ಕೈ ಯಾರ ಹತ್ರ ಇದೆ ಅಂತ ಕೇಳಿ. ಏನು ಉತ್ತರ ಬಂತು ಅಂತ ಮರೀದೆ ಬರೀರಿ.